ಅಳತೆ ಪುಸ್ತಕ

ನಂಜುಮಳಿಗೆಯ ಮೂರಡಿ ಬಾಗಿಲಿನ ಅಂಗಡಿಯಲ್ಲಿ
ಬೆನ್ನು ಓದುವವಳು ನಾನು.
ಮುಖ ಮರೆತೇನು, ಬೆನ್ನು ಮರೆಯಲಾರೆ:
ಇದು ಹೂವಿನ ಸಾಕಮ್ಮನದು, ಸೊಂಟಕ್ಕಿನ್ನೂ ಬುಟ್ಟಿಯ ನೆನಪು;
ಇದು ಡ್ರಾಯಿಂಗ್ ಮೇಷ್ಟರದು, ಕರಿಹಲಗೆಗೆ ಚಾಚಿ ಚಾಚಿ
ಒಂದು ತೋಳು ಅರ್ಧ ಇಂಚು ಉದ್ದ.

ಮೇದಿನಿಯ ಪುಟ ಹಸಿರು ಶಾಯಿಯಲ್ಲಿದೆ.
ಐದನೇ ಕ್ಲಾಸು: ಭುಜ ಎರಡೂ ಸಮ.
ಆರು: ಬಲಭುಜ ಕಾಲಿಂಚು ಮೇಲೆ.
ಬ್ಯಾಗಿನ ಭಾರ ಅಂದುಕೊಂಡೆ.
ಏಳು: ಅರ್ಧ ಇಂಚು. ಸ್ಕರ್ಟಿನ ಅಂಚು ಕುಂಟಿತು.
ನಾನೇನು ಮಾಡಿದೆ ಗೊತ್ತೆ?
ಎಡಕ್ಕೊಂದು ಪ್ಯಾಡು ಇಟ್ಟೆ,
ಬಲಕ್ಕೊಂದು ಡಾರ್ಟು ಹಿಡಿದೆ,
ಬಟ್ಟೆಯನ್ನು ಓರೆಯಾಗಿ ಕತ್ತರಿಸಿ
ಹುಡುಗಿಯನ್ನು ನೇರ ಕಾಣಿಸಿದೆ.
"ನಿನ್ನ ಕೈಲಿ ಹೊಲಿದರೆ ಗೊಂಬೆ ಕಣೇ ನಮ್ಮವಳು"
ಅಂತ ಅವಳಮ್ಮ ಹತ್ತು ರೂಪಾಯಿ ಹೆಚ್ಚು ಕೊಟ್ಟಳು.
ಇಸಕೊಂಡೆ.

ಎಂಟನೇ ಕ್ಲಾಸಿನ ಜೂನು.
ಜಾರಿ ಬಿದ್ದ ಟೇಪು ಎತ್ತಲು ಅವಳು ಬಗ್ಗಿದಳು.
ತೆಳು ಶಿಮ್ಮಿಯ ಕೆಳಗೆ
ಬಲ ಬೆನ್ನು ಗುಡ್ಡವಾಗಿ ಎದ್ದಿತು,
ಎಡಗಡೆ ಹಳ್ಳ.
ಕತ್ತರಿ ಕೈಯಲ್ಲೇ ಉಳಿಯಿತು.
ಅಮ್ಮನಿಗೆ ಎಲ್ಲ ಹೇಳಿದೆ. ಪ್ಯಾಡಿನದೂ.

ಕಿಟಕಿಗೆ ಹಿಡಿದ ಎಕ್ಸ್‌ರೇಯಲ್ಲಿ ಮೂವತ್ತೊಂದು ಡಿಗ್ರಿ.

ಗೋಕುಲದ ಉತ್ತಪ್ಪ ಡಾಕ್ಟರು
ಮಗುಚಿ ಮಲಗಿಸಿ, ಅಂಗೈ ಊರಿ
ಟಕ್ ಟಕ್ ಅಂತ ನಾಕು ಗೆಣ್ಣು ಬಿಡಿಸಿದರು,
ಅಜ್ಜಿ ದೃಷ್ಟಿ ತೆಗೆದು ನೆಟಿಕೆ ಮುರಿದ ಹಾಗೆ.
ಆ ರಾತ್ರಿ ನೋವಿಲ್ಲದೆ ಮಲಗಿತು ಕೂಸು.
ಮೂರನೇ ಸಲಕ್ಕೆ ಅವರೇ ಅಂದರು:
"ಬಿಗಿ ಬಿಡಿಸ್ತೀನಮ್ಮ. ಡೊಂಕು ನನ್ನ ಕೈಗೆ ಬರೋದಲ್ಲ.
ಫ್ಲೇವಿಯಾ ಹತ್ರ ಹೋಗಿ."
ಬರೋದಲ್ಲ ಅಂದ ಆ ವೈದ್ಯರಿಗೆ
ಮನಸ್ಸಿನಲ್ಲೇ ಒಂದು ಷರಟು ಹೊಲಿದುಕೊಟ್ಟೆ.

ಫ್ಲೇವಿಯಾಳ ಕೋಣೆಯಲ್ಲಿ ಗೋಡೆಗೆ ಏಣಿ, ಎದುರಿಗೆ ಆಳೆತ್ತರ ಕನ್ನಡಿ.
ನೆಟ್ಟಗೆ ನಿಲ್ಲು ಅನ್ನುವ ಮಾತೇ ಇಲ್ಲ ಅಲ್ಲಿ.
"ಎಡ ಬೆನ್ನಿಗೆ ಉಸಿರು ಕಳಿಸು" ಅನ್ನುತ್ತಾಳೆ,
ಮೂಲೆಮನೆಗೆ ಮಗುವನ್ನು ಕಳಿಸುವಷ್ಟು ಸಲೀಸಾಗಿ.
ಒಂದು ತಿಂಗಳು ಉಸಿರು ಆ ಕಡೆ ಸುಳಿಯಲಿಲ್ಲ.
ಆಮೇಲೊಂದು ಬುಧವಾರ
ಹಳ್ಳದಲ್ಲಿಟ್ಟ ನನ್ನ ಬೆರಳನ್ನು
ಒಳಗಿನಿಂದ ಯಾರೋ ಮೆಲ್ಲಗೆ ತಳ್ಳಿದರು.

ಬ್ರೇಸು ಬಂತು: ಬಿಳಿ ಪ್ಲಾಸ್ಟಿಕ್ಕಿನ ಅಂಗಿ, ಮೂರು ಪಟ್ಟಿ,
ದಿನಕ್ಕೆ ಹದಿನೆಂಟು ಗಂಟೆ.
"ನಾಯಿ ಬಾಲ ನಳಿಗೇಲಿ ಹಾಕಿದ್ರೆ ನೆಟ್ಟಗಾಗುತ್ತಾ?"
ಅಂದಳು ಎದುರುಮನೆಯ ಪುಟ್ಟಗೌರಮ್ಮ, ಕಾಳು ಬಿಡಿಸುತ್ತ.
ಮೇದಿನಿಗೆ ಕೇಳಿಸಿತು.
ಆ ವಾರವೆಲ್ಲ ಬ್ರೇಸು ಮಂಚದ ಕೆಳಗೆ.

ಫ್ಲೇವಿಯಾ ಬೈಯಲಿಲ್ಲ.
"ನಿಮ್ಮಲ್ಲಿ ಇನ್ನೊಂದು ಗಾದೆ ಇದೆಯಲ್ಲ,
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ?
ನೀನಿನ್ನೂ ಗಿಡ. ಎರಡು ವರ್ಷ ಇದೆ.
ಅಷ್ಟೇ ಇರೋದು ನಮ್ಮ ಹತ್ರ."

ಏಪ್ರಿಲ್ಲಿನ ಬೆವರಿಗೆ ಅವಳ ಪಕ್ಕೆಯ ಮೇಲೆ ಕೆಂಪು ಬರೆ.
ಆಗ ನನ್ನ ಕೈ ಎಚ್ಚರಾಯಿತು.
ಹಳೆ ಹತ್ತಿ ಸೀರೆ ಒಗೆದು ಒಗೆದು ಮೆತ್ತಗೆ ಮಾಡಿ
ಒಳಬನಿಯನ್ನು ಹೊಲಿದೆ:
ಹೊಲಿಗೆಯೆಲ್ಲ ಹೊರಮೈಗೆ,
ಚರ್ಮದ ಕಡೆ ಒಂದು ಗಂಟೂ ಇಲ್ಲದಂತೆ.
ಮುಚ್ಚಿಡಲು ಕಲಿತ ವಿದ್ಯೆ
ಹೀಗೂ ತಿರುಗುತ್ತದೆ ಅಂತ ಗೊತ್ತಿರಲಿಲ್ಲ.
ಆರು ಬನಿಯನ್ನು. ಕಾಸು ತಗೊಳ್ಳಲಿಲ್ಲ,
ಮೇಲೆ ಆ ಹತ್ತು ರೂಪಾಯಿ.

ಹತ್ತನೇ ಕ್ಲಾಸು: ಇಪ್ಪತ್ತೆಂಟು ಡಿಗ್ರಿ.
ಮಾಯವಾಗಲಿಲ್ಲ. ಬೆಳೆಯದೆ ನಿಂತಿತು.
ನಿಂತದ್ದೇ ಗೆದ್ದದ್ದು ಅಂದಳು ಫ್ಲೇವಿಯಾ.
ಎದುರುಮನೆಯವಳು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಬೀಳ್ಕೊಡುಗೆಗೆ ರವಿಕೆ ಹೊಲಿಸಲು ಬಂದವಳು
"ಪ್ಯಾಡು ಬೇಡ ಆಂಟಿ, ಇರೋ ಹಾಗೇ ಹೊಲೀರಿ" ಅಂದಳು.
ಎಡ ಒಂದು, ಬಲ ಒಂದು,
ಎರಡು ಸಾಲಿನಲ್ಲಿ ಬರೆದುಕೊಂಡೆ.

ಹೊರಡುವಾಗ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ
"ಬಗ್ಗಿ ನೋಡೋಣ."
ಮೂವತ್ತು ವರ್ಷ ಮಿಷನ್ನಿಗೆ ಕೂತ ಬೆನ್ನಿನ ಮೇಲೆ
ಅವಳ ಬೆರಳು ನಿಧಾನ ಇಳಿಯಿತು.
"ನಿಮ್ದೂ ಚೂರು ಎಡಕ್ಕಿದೆ" ಅಂದವಳೇ
ಟೇಪು ತಗೊಂಡು, ಪುಸ್ತಕದಲ್ಲೊಂದು ಖಾಲಿ ಪುಟ ಹುಡುಕಿ,
ಹಸಿರು ಪೆನ್ನು ಎಲ್ಲಿ ಆಂಟಿ ಅಂತ
ಕೇಳಿದಳು.