ಕಾಗದಕ್ಕೆ ಬೀಳದ್ದು

ಹುಮನಾಬಾದ ರಸ್ತೆ, ಬೇಳೆ ಮಿಲ್ಲಿನ ಮಾಳಿಗೆ ಮೇಲೆ
ಗಾಳಿ ಅಳೆಯುವ ಯಂತ್ರ. ದಿನಾ ಮುಂಜಾನೆ
ಲಾಡ್ಲೇಸಾಬ ಹಳೆ ಕಾಗದ ತೆಗೆದು ಹೊಸದಿಡುತ್ತಾನೆ.
ಮಸಿ ನೋಡಿಯೇ ಹೇಳುತ್ತಾನೆ:
ಇದು ತೊಗರಿ ಹೊಟ್ಟು, ಇದು ವಾಡಿಯ ಸಿಮೆಂಟು,
ಇದು ನಿನ್ನೆ ರಾತ್ರಿ ಯಾರೋ ಟಯರು ಸುಟ್ಟಿದ್ದು.

ಮೂರು ಸಂಜೆಯಿಂದ ಹೊತ್ತು ಮುಳುಗುವಾಗ
ಲೆಕ್ಕಕ್ಕೆ ಸಿಗದ ಕೆಂಪು. ಮುಳುಗಿದ ಮೇಲೂ
ಬಹಳ ಹೊತ್ತು
ಬದನೆಕಾಯಿ ಸಿಪ್ಪೆಯ ಬಣ್ಣ.
ಆಫೀಸಿನಿಂದ ಫೋನು: ಯಾವುದೋ ದೇಶದ ಕಾಡಂತೆ,
ತನ್ನ ಉರಿಗೆ ತಾನೇ ಮೋಡ ಕಟ್ಟಿಕೊಂಡು
ಮಳೆ ಹುಟ್ಟುವ ಜಾಗವನ್ನೂ ದಾಟಿ ಏರಿ,
ಅಲ್ಲಿ ತೊಳೆಯುವವರಿಲ್ಲದೆ
ಹದಿನಾರು ದಿನದಿಂದ ನಡೆದಿದೆಯಂತೆ.

"ಕಾಗದದಾಗ ಏನರ ಬಂದದೇನು?"
"ಇಲ್ರಿ. ಎಲ್ಲಾ ನಮ್ಮದೇ ಧೂಳದ."

ಫೋನಿಟ್ಟು ಮೇಲೆ ನೋಡಿದ.
ಹೆಸರು ಗೊತ್ತಿಲ್ಲದ ಗಿಡಗಳು, ಅವುಗಳ ತೊಗಟೆ, ಅಂಟು, ಗೂಡು
ಇದು ಕಲಬುರಗಿಯೇನು ಅಂತಲೂ ಕೇಳದೆ
ನೆತ್ತಿ ಮೇಲೆ ಹಾದುಹೋಗುತ್ತಿದ್ದವು.

ಕೆಳಗೆ ಹಮಾಲರು ಚಹಾಕ್ಕೆಂದು ತೊಗರಿ ಕಟ್ಟಿಗೆ ಹಚ್ಚಿದರು.
ಆ ಹೊಗೆ ಬೇವಿನ ಗಿಡದ ತನಕವೂ ಹೋಗಲಿಲ್ಲ,
ಅವನ ಕಣ್ಣಿಗೇ ಬಂತು.