ಒಂದು ರೂಪಾಯಿಯ ಕಿಂಡಿ

ಮೌನೇಶಾಚಾರ್ರು ನಕ್ಷೆಯನ್ನು ತಿರುವಿ ಮುರುವಿ ನೋಡಿದರು.
'ಕಪಾಟಲ್ಲ, ದೇವರ ಮಂಟಪ ಅಲ್ಲ,
ಮುಂದೆ ಹೊಟ್ಟೆ, ಮೇಲೆ ಹಣೆ,
ಏನಕ್ಕಾ ಇದು, ನಿಂತ ಮನುಷ್ಯನ ಹಂಗೆ?'
ಹದಿನೆಂಟು ಎಂಎಂ ಪ್ಲೈವುಡ್, ಎರಡು ಹಾಳೆ.
ಬಳುಕಿಗೆ ನಮ್ಮ ಹಂಡೆಯ ತಳವನ್ನೇ ಇಟ್ಟು
ಗೆರೆ ಎಳೆದೆವು. ಗರಗಸ ಹೊರಟಿತು.

ಮಂಡಕ್ಕಿ ಭಟ್ಟಿಯ ಕಡೆಯ ಕಿಟಕಿ ಮುಚ್ಚಿ
ಮೂರು ಭಾನುವಾರ ಉಪ್ಪುಕಾಗದ ತಿಕ್ಕಿದೆ,
ಮೊಣಕೈವರೆಗೆ ಮರದ ಹಿಟ್ಟು.
ಕಪ್ಪು ಬಳಿದೆ, ಮತ್ತೊಮ್ಮೆ ಕಪ್ಪು.
ಒಣಗುವ ಮೊದಲೇ ಸಂದಿಯಿಂದ
ಭಟ್ಟಿಯ ಮಸಿ ಬಂದು ಕೂತಿತು.
ಇರಲಿ, ಅದೂ ಕಪ್ಪೇ.

ಟಿವಿ ಸಿಕ್ಕಿದ್ದು ಗುಜರಿಯಲ್ಲಿ,
ಬೆನ್ನು ಉಬ್ಬಿದ ಇಪ್ಪತ್ತೊಂದು ಇಂಚು, ತೂಕದ ಲೆಕ್ಕದಲ್ಲಿ.
ತೆಳ್ಳಗಿಂದು ಹಾಕ್ರಿ ಅಂದರು ಎಲ್ಲರೂ.
ಗಾಜು ಉಬ್ಬಿರಬೇಕು, ಅಂಚಿನಲ್ಲಿ ಗೆರೆ ಬಾಗಬೇಕು,
ಆರಿಸಿದಾಗ ನಟ್ಟನಡುವೆ ಒಂದು ಚುಕ್ಕಿ
ಹೋಗಲೋ ಬೇಡವೋ ಎಂದು ನಿಲ್ಲಬೇಕು.
ಯಾರಿಗೆ ಹೇಳಲಿ?
ನಾನೇ ಅದನ್ನು ಕಂಡದ್ದು ಪರದೆಯ ತೂತಿನಿಂದ.

ಚೌಕಿಪೇಟೆಯ ಓಣಿ, ಹಸಿರು ಪರದೆ,
ಒಳಗೆ ಚಮನ್‌ಸಾಬರ ನಾಲ್ಕು ಪೆಟ್ಟಿಗೆ.
ಹುಡುಗಿಯರು ಬರಬಾರದೆಂದು ಎಲ್ಲೂ ಬರೆದಿರಲಿಲ್ಲ.
ಬರೆಯುವಷ್ಟು ಅನುಮಾನ ಯಾರಿಗೂ ಇರಲಿಲ್ಲ.
ಅಪ್ಪನ ಎರಡನೇ ಪಾಳಿಯ ಬುತ್ತಿ ಹಿಡಿದು
ಮಿಲ್ಲಿಗೆ ಹೋಗುವ ದಾರಿಯಲ್ಲಿ ನಿಲ್ಲುತ್ತಿದ್ದೆ.
ಸಾರು ಆರುತ್ತಿತ್ತು.
ಒಳಗಿನ ಸದ್ದುಗಳನ್ನು ಮಗ್ಗಿಯ ಹಾಗೆ ಕಲಿತೆ:
ಟಿಣ್, ರೂಪಾಯಿ ಬಿದ್ದದ್ದು.
ಪಿಯೂ ಪಿಯೂ, ಗುಂಡು.
ಢಬ್ ಆದ ಮೇಲಿನ ಮೌನ,
ತಿಪ್ಪೇಶಣ್ಣ ಸತ್ತದ್ದು.

ಮೂರು ಜೀವ ಕೊಡ್ತಾರೆ ಕಣೇ, ಎನ್ನುತ್ತಿದ್ದ
ರಾತ್ರಿ ಚಾಪೆಯ ಮೇಲೆ ಆಟ ಬಿಡಿಸಿ ತೋರಿಸುತ್ತ.
ಬೆಂಕಿಪೊಟ್ಟಣ ಅವನ ವಿಮಾನ.
ಸಾಲುಸಾಲಾಗಿ ಇಳಿದು ಬಂದು
ಸಾಯಬೇಕಾದವು ಹುಣಸೆಬೀಜ.
ನಾನು ಯಾವಾಗಲೂ ಹುಣಸೆಬೀಜ.

ಮೊನ್ನೆ ಫೋನ್ ಮಾಡಿದೆ, ಹರಿಹರಕ್ಕೆ, ಅವನ ಟೈರಿನ ಅಂಗಡಿಗೆ.
'ಯಾವ ಆಟ? ಏನೋಪಾ, ನೆನಪಿಲ್ಲ' ಅಂದ.
ಹಿಂದೆ ಯಾರೋ ಗಾಳಿ ತುಂಬುತ್ತಿದ್ದರು.

ಮೋಟಾರುಗಳಿಗೆ ಇಪ್ಪತ್ತು ವರ್ಷ
ತಾಮ್ರ ಸುತ್ತಿದ ಬೆರಳು ನನ್ನದು,
ತಂತಿ ನನಗೆ ಹೊಸದಲ್ಲ.
ಗುಂಡಿಗಳು ಮಾತ್ರ ಕೊರಿಯರಿನಲ್ಲಿ ಬಂದವು.
ದಾವಣಗೆರೆಯಲ್ಲಿ ಗುಂಡಿ ಎಂದು ಕೇಳಿದರೆ
ಕೋಟಿನದಾ, ಶರ್ಟಿನದಾ ಎನ್ನುತ್ತಾರೆ.

ನಾಣ್ಯದ ಕಿಂಡಿ ಚಮನ್‌ಸಾಬರದೇ.
ಮೊಮ್ಮಗಳು ತುಕ್ಕಿನ ಕೀಲಿಗಳ ಡಬ್ಬಿಯಿಂದ ತೆಗೆದು
ದುಡ್ಡು ಬೇಡ ಅಂದಳು.
ಈಗಿನ ರೂಪಾಯಿ ಅದಕ್ಕೆ ಒಗ್ಗದು,
ಸಣ್ಣದು, ಹಗುರ, ಥೂ ಎಂದು ಉಗುಳುತ್ತದೆ.
ಅದಕ್ಕೆ ಆಗಿನದೇ ಬೇಕು.
ಅವ್ವನ ಸಾಸಿವೆ ಡಬ್ಬಿಯ ತಳದಲ್ಲಿ
ಸಿಕ್ಕಿದ್ದು ಒಂದೇ ಒಂದು.

ಹಣೆಯ ಮೇಲೆ ಹೆಸರೇನು ಬರೆಯಲಿ ಎಂದ ಪೇಂಟರ್,
ಇಂಗ್ಲಿಷಿನಲ್ಲಿ ಬೆಂಕಿ ಗಿಂಕಿ ಹಚ್ಚಲಾ ಎಂದ.
ಹಳದಿಯಲ್ಲಿ 'ಹುಣಸೆಬೀಜ' ಎಂದು ಬರೆಸಿದೆ.
ಹಿಂದೆ ಟ್ಯೂಬ್‌ಲೈಟ್ ಹಚ್ಚಿದರೆ
ಒತ್ತಿನ ಸುಳಿ ಇಲ್ಲದಿದ್ದರೂ ಚೆನ್ನಾಗೇ ಕಾಣುತ್ತದೆ.

ಪಕ್ಕದ ಮನೆಯ ಮನ್ವಿತ್ ಬಂದ.
ಬೆರಳಿನಿಂದ ಗಾಜು ಸವರಿದ,
ಎಡಕ್ಕೆ, ಬಲಕ್ಕೆ.
ಧೂಳಿನಲ್ಲಿ ಎರಡು ಗೆರೆ ಮೂಡಿದವು.
'ಕೆಟ್ಟೋಗಿದೆ ಆಂಟಿ.'

ಟಿಣ್.
ಎಷ್ಟು ಹತ್ತಿರದಿಂದ, ಟಿಣ್.
ನಲವತ್ತು ಸೆಕೆಂಡೂ ಬಾಳಲಿಲ್ಲ ನಾನು, ಮೂರೂ ಜೀವ ಸೇರಿ.
ಢಬ್.
ಈ ಸಲ ಮೌನದ ಒಳಗಡೆ ಇದ್ದೆ.

ಗಾಜಿನ ಮೇಲೆ ಎಣಿಕೆ ಶುರುವಾಯಿತು, ಒಂಬತ್ತರಿಂದ.
ಇನ್ನೊಂದು ರೂಪಾಯಿ ಹಾಕಿದರೆ ಆಟ ಮುಂದುವರಿಯುತ್ತದೆ.
ಇರುವುದೊಂದು, ಅದೂ ಹೊಟ್ಟೆಯೊಳಗೆ.
ಹಿಂಬಾಗಿಲ ಬೀಗದಕೈ ನನ್ನ ಸೆರಗಿನ ಗಂಟಿನಲ್ಲಿ.
'ಆರು ಆಂಟಿ, ಆರು!' ಕುಣಿಯುತ್ತಿದ್ದಾನೆ ಮನ್ವಿತ್, 'ಐದು!'
ಮಂಡಿಯೂರಿ, ತಂತಿಗಳ ನಡುವೆ
ಕೈ ತಡಕುತ್ತಿದೆ.
ಟಿವಿಯ ಕಾವಿಗೆ
ರೂಪಾಯಿ ಬೆಚ್ಚಗಿದೆ.