ಕಾಚಂಪುಳಿ, ಮಾದರಿ ಹದಿನೇಳು

ಬಿರುನಾಣಿಯಿಂದ ಬಂತು, ಬಸ್ಸಿನ ಕಂಡಕ್ಟರನ ಕೈಯಲ್ಲಿ.
ಹಳೆಯ ಬ್ರಾಂಡಿ ಬಾಟಲಿ. ಬಿರಡೆಯಿಲ್ಲ; ಬಾಯಿಗೆ
ಬಾಳೆಯೆಲೆ, ಅದರ ಮೇಲೆ ಸೀರೆಯಂಚಿನ ದಾರ.
ಚೀಟಿಯಲ್ಲಿ ಬರೀ ಹೆಸರು: ಚೋಂದವ್ವ.
ತೂಕ, ತಾರೀಖು ಏನೂ ಇಲ್ಲ.
ನಾನು ಹದಿನೇಳು ಎಂದು ಬರೆದೆ.

ಪೊನ್ನಂಪೇಟೆಯ ಈ ಕೋಣೆಯಲ್ಲಿ ಹುಳಿಗೂ ಲೆಕ್ಕವಿದೆ.
ಅಂಗಡಿಯ ಕಪ್ಪು ನೀರಿನಲ್ಲಿ ಹಣ್ಣೆಷ್ಟು,
ಸುಟ್ಟ ಸಕ್ಕರೆಯೆಷ್ಟು, ಚೀಲದ ನಿಂಬೆಯುಪ್ಪೆಷ್ಟು,
ನಾಲಿಗೆ ಹೇಳಲಾರದು.
ಬೆಂದ ಹಂದಿಯಂತೂ ಹೇಳಲಾರದು.

ನಾನು ಸೇರಿದಾಗ ಬೆಳ್ಯಪ್ಪನವರಿದ್ದರು.
ಸಿಲಿಕಾ ಪುಡಿಗೆ ಜಿಪ್ಸಂ ಕೂಡಿಸಿ
ದೋಸೆಹಿಟ್ಟಿನ ಹದಕ್ಕೆ ಕಲಸಿ
ಗಾಜಿನ ಮೇಲೆ ಒಂದೇ ಎಳೆತಕ್ಕೆ ಬಳಿಯುತ್ತಿದ್ದರು.
ಕಾಲು ಮಿಲಿಮೀಟರು. ದಪ್ಪವಾದರೆ ಒಣಗುವಾಗ ಬಿರುಕು.
ಜುಲೈಯಲ್ಲಿ ತಟ್ಟೆ ಗಾಳಿಯ ನೀರನ್ನೇ ಕುಡಿದು ಜಡವಾಗುತ್ತದೆಂದು
ಒಲೆಯಲ್ಲಿ ಅರ್ಧ ಗಂಟೆ ಕಾಯಿಸುತ್ತಿದ್ದರು.
ಗಾಜಿನ ಕೊಳವೆಯನ್ನು ಜ್ವಾಲೆಯಲ್ಲಿ ಕೂದಲಾಗುವ ತನಕ ಎಳೆದು
ಉಸಿರು ಹಿಡಿದು ಚುಕ್ಕೆ ಇಡುತ್ತಿದ್ದರು,
ಕೋವಿಯ ಗುರಿ ಹಿಡಿದವರ ಉಸಿರು ಅದು.
‘ಚುಕ್ಕೆ ದೊಡ್ಡದಾದರೆ ಸುಳ್ಳೂ ದೊಡ್ಡದಾಗುತ್ತೆ ಮಾರಾಯ.’

ಈಗ ತಟ್ಟೆ ಪೆಟ್ಟಿಗೆಯಲ್ಲಿ ಬರುತ್ತದೆ, ಕಣ ಇನ್ನೂ ನಯ.
ಯಂತ್ರದ ಸೂಜಿ ತಟ್ಟೆಯನ್ನು ಮುಟ್ಟದೆ
ಸಾರಜನಕದಲ್ಲಿ ಊದಿ ಊದಿ
ಎಂಟು ಮಿಲಿಮೀಟರಿನ ಗೆರೆ ಎಳೆಯುತ್ತದೆ.
ತೇವವನ್ನೂ ಅದೇ ನೋಡಿಕೊಳ್ಳುತ್ತದೆ;
ಹೊರಗೆ ಯಾವ ತಿಂಗಳೆಂಬುದು ಅದಕ್ಕೆ ಬೇಕಿಲ್ಲ.
ನನಗೆ ಉಳಿದದ್ದು ಬುಡದಲ್ಲೊಂದು ಪೆನ್ಸಿಲ್ ಗೆರೆ,
ಅದೂ ಅಭ್ಯಾಸಬಲ.

ತೊಟ್ಟಿಯ ತಳದಲ್ಲಿ ಬ್ಯೂಟನಾಲು, ನೀರು, ಚಿಗಳಿಯ ಹೊಟ್ಟೆಯ ಆಮ್ಲ.
ಮುಚ್ಚಳ ತೆಗೆದರೆ ಮೂಗಿನೊಳಗೇ ಗೂಡು ಒಡೆದ ಹಾಗೆ.
ದ್ರವ ಏರುತ್ತದೆ, ಬತ್ತಿಯಲ್ಲಿ ಎಣ್ಣೆಯಂತೆ, ತಾನೇ.
ಕೂಡಿ ಹೊರಟವು ಕೂಡಿ ಮುಟ್ಟುವುದಿಲ್ಲ.
ಸಿಲಿಕಾದ ಮೋಹ ಬಿಡದ್ದು ಹಿಂದೆ,
ದ್ರವದ ಮಾತಿಗೆ ಮರುಳಾದದ್ದು ಮುಂದೆ.
ತಾನು ನಡೆದ ದೂರವನ್ನು
ಹೊತ್ತವರು ನಡೆದ ದೂರದಿಂದ ಭಾಗಿಸಬೇಕು.
ಒಂದನ್ನು ದಾಟಿದವರಿಲ್ಲ.

ಒಣಗಿಸಿ, ಬಣ್ಣ ಸಿಂಪಡಿಸಿದೆ.
ತಟ್ಟೆಯೆಲ್ಲ ನೀಲಿ, ಹುಳಿ ಇದ್ದಲ್ಲಿ ಹಳದಿ.
ಹದಿನಾಲ್ಕು: ನಿಂಬೆಯುಪ್ಪು.
ಹದಿನೈದು: ನಿಂಬೆಯುಪ್ಪು, ಮರ್ಯಾದೆಗೆ ತುಸು ಹಣ್ಣು.
ಹದಿನಾರರ ಲೇಬಲಿನಲ್ಲಿ ಒಡಿಕತ್ತಿ, ಬೆಟ್ಟ, ‘ಅಜ್ಜಿಯ ಕೈರುಚಿ’;
ಹಣ್ಣೇ ಇಲ್ಲ.
ಹದಿನೇಳರಲ್ಲಿ ಪಣಪುಳಿಯ ಆಮ್ಲ ತನ್ನ ಜಾಗದಲ್ಲಿ,
ಅದಕ್ಕಿಂತ ಒಂದು ಬೆರಳು ಮೇಲೆ ಇನ್ನೊಂದು.
ಕಂಪ್ಯೂಟರು ಅದನ್ನು ‘ಅಪರಿಚಿತ ೧’ ಎಂದಿತು,
ಕೆಂಪಕ್ಷರದಲ್ಲಿ.

ಬೆಳ್ಯಪ್ಪನವರಿಗೆ ಫೋನು ಮಾಡಿದೆ. ಕಿವಿ ಮಂದ; ಎರಡು ಸಲ ಕೂಗಿದೆ.
‘ಎಷ್ಟು ಕುದಿಸಿದ್ದಾರೆ ಕೇಳು’ ಅಂದರು, ಇಟ್ಟರು.

ಮರುದಿನ ಕಂಡಕ್ಟರನೇ ಉತ್ತರ ತಂದ.
ಹಣ್ಣು ಬುಟ್ಟಿಯಲ್ಲಿ ತಾನಾಗಿ ಕರಗಿ ತೊಟ್ಟಿಕ್ಕಬೇಕಂತೆ, ಹಿಂಡಬಾರದಂತೆ.
ಮಣ್ಣಿನ ಮಡಕೆ. ಮೂರು ದಿನ.
ರಾತ್ರಿ ಕೆಂಡ ಮುಚ್ಚುವುದು, ಆರಿಸುವುದಲ್ಲ.
ಯಾಕೆ ಕೇಳ್ತಾರೆ, ಹುಳಿ ಸಾಲದಾ ಅಂದರಂತೆ.

ಅದೇ ಆಮ್ಲ ಅದು, ಬೇರೆ ಯಾರೂ ಅಲ್ಲ.
ಬೆಂದು ಬೆಂದು, ಒಳಗಿನದೊಂದು ಹನಿ ನೀರು ಬಿಟ್ಟು,
ತನ್ನ ಬಾಲವನ್ನು ತಾನೇ ಹಿಡಿದು ಉಂಗುರವಾದದ್ದು.
ಹಾಗಾಗಿ ಎಲ್ಲೂ ಅಂಟದೆ ಹಗುರಾಗಿ ಮೇಲೆ ಹೋದದ್ದು.

ವರದಿಯ ನಮೂನೆಯಲ್ಲಿ ಎರಡೇ ಮನೆ: ಶುದ್ಧ, ಕಲಬೆರಕೆ.
ಮೂರು ದಿನಕ್ಕೆ ಮನೆಯಿಲ್ಲ.
ಮೊದಲನೆಯದಕ್ಕೆ ಗುರುತು ಹಾಕಿದೆ. ಆಮೇಲೆ ತಟ್ಟೆಯ ಮೇಲೆ
ಆ ಎರಡನೆಯ ಹಳದಿಗೆ ಪೆನ್ಸಿಲಿನ ಸುತ್ತು.
ಯಂತ್ರ ಅದನ್ನು ಕಸವೆಂದು ಓದುತ್ತದೆ, ಗೊತ್ತು.
ವಾರದಲ್ಲಿ ಹಳದಿ ಮಾಸುತ್ತದೆ, ಸುತ್ತು ಇರುತ್ತದೆ.

ಬಾಟಲಿಯಲ್ಲಿ ಉಳಿದದ್ದನ್ನು ನಿಯಮದಂತೆ ಚೆಲ್ಲಬೇಕು.
ನಲ್ಲಿಯ ತನಕ ಹೋದೆ.
ಬಾಳೆಯೆಲೆ ಇನ್ನೂ ಹಸಿರಾಗಿತ್ತು;
ದಾರ, ಬಿಚ್ಚಿದ ಸುರುಳಿಯನ್ನು ನೆನಪಿಟ್ಟುಕೊಂಡು
ತಾನಾಗಿಯೇ ಸುತ್ತಿಕೊಂಡಿತು.